ಹಲಗಲಿಯಿಂದ ಸುರಬಾಯಾವರೆಗೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಪಠ್ಯ)

 

ಸ್ವಾತಂತ್ರ್ಯ ಹೋರಾಟ ಎಂದ ಕೂಡಲೇ ನಮ್ಮ ಮಕ್ಕಳು ದಿಲ್ಲಿ, ಮೀರತ್, ಝಾನ್ಸಿಯ ಹೆಸರು ಹೇಳುತ್ತಾರೆ. ಮುಧೋಳ ತಾಲ್ಲೂಕಿನ ಹಲಗಲಿ ಅವರ ಮನೆಬಾಗಿಲಲ್ಲೇ ಇದೆ.

1857ರಲ್ಲಿ ಕಂಪನಿ ಸರ್ಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ತಂದಿತು. ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಅನ್ನ, ಮಾನ. ಜಡಗ, ಬಾಲ, ಹನುಮ, ರಾಮ ಎಂಬ ಮುಂದಾಳುಗಳು ಕೊಡುವುದಿಲ್ಲವೆಂದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿತು. ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೆರೆಸಿಕ್ಕವರನ್ನು ಗಲ್ಲಿಗೇರಿಸಿದರು. ಜನ ನೋಡಿ ಹೆದರಲಿ ಎಂಬುದೇ ಉದ್ದೇಶ.

ಈ ಕಥೆಯನ್ನು ನಮಗೆ ಉಳಿಸಿಕೊಟ್ಟದ್ದು ಲಾವಣಿ. ದಂಡಿನವರು ಏನೇನು ಹೊತ್ತೊಯ್ದರೆಂದು ಅದರಲ್ಲಿ ಪಟ್ಟಿಯೇ ಇದೆ: ಉಪ್ಪು, ಎಣ್ಣೆ, ಅರಿಷಿಣ, ಬೆಲ್ಲ, ಬೀಸುವ ಕಲ್ಲು ಕೂಡ. ಆಯುಧ ಕೇಳಲು ಬಂದವರು ಅಡುಗೆಮನೆಯನ್ನೇ ಬರಿದು ಮಾಡಿದರು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಜೆ.ಎಫ್. ಫ್ಲೀಟ್ ಅದೇ ಆಂಗ್ಲ ಸರ್ಕಾರದ ಅಧಿಕಾರಿ ಎಂಬುದು ನಾವು ಯೋಚಿಸಬೇಕಾದ ಮಾತು. ನಮ್ಮ ಹಿರಿಯರ ನೆನಪನ್ನು ನಾವೇ ಬರೆದಿಡದಿದ್ದರೆ ಇನ್ನೊಬ್ಬರು ಬರೆಯುವವರೆಗೆ ಕಾಯಬೇಕಾಗುತ್ತದೆ.

ಈಗ 88 ವರ್ಷ ಮುಂದೆ ಬನ್ನಿ. 1945ರ ಆಗಸ್ಟ್‌ನಲ್ಲಿ ಜಪಾನ್ ಸೋತಿತು. ಆಗಸ್ಟ್ 17ರಂದು ಸುಕರ್ನೋ ಮತ್ತು ಹತ್ತಾ ಇಂಡೋನೇಷ್ಯಾ ಸ್ವತಂತ್ರವೆಂದು ಸಾರಿದರು. ಆದರೆ ಹಳೆಯ ಒಡೆಯರಾದ ಡಚ್ಚರು ಮರಳಿ ಬರಲು ಹೊರಟರು. ಅವರಿಗಿಂತ ಮೊದಲು ಬಂದಿಳಿದದ್ದು ಬ್ರಿಟಿಷ್ ಸೇನೆ. ಸುರಬಾಯಾ ನಗರದಲ್ಲಿ ಅವರ ಹುಕುಂ ಏನು ಗೊತ್ತೇ? ಆಯುಧ ಒಪ್ಪಿಸಿರಿ! ಹಲಗಲಿಯಲ್ಲಿ ಕೇಳಿದ ಮಾತೇ ಅಲ್ಲಿಯೂ ಕೇಳಿತು. ಉತ್ತರವೂ ಅದೇ ಬಂದಿತು. ನವೆಂಬರ್ 10ರಂದು ಹಡಗು, ವಿಮಾನ, ಟ್ಯಾಂಕುಗಳಿಂದ ನಗರದ ಮೇಲೆ ದಾಳಿ ನಡೆಯಿತು. ಸಾವಿರಾರು ಜನ ಮಡಿದರು. ಆ ದಿನವನ್ನು ಇಂದಿಗೂ ಅವರು ವೀರರ ದಿನವೆಂದು ಆಚರಿಸುತ್ತಾರೆ. ವೀರನಿಗೆ ಅವರ ಭಾಷೆಯಲ್ಲಿ 'ಪಹ್ಲಾವನ್' ಎನ್ನುತ್ತಾರೆ. ನಮ್ಮ ಗರಡಿಮನೆಯ ಪೈಲ್ವಾನನೂ ಅದೇ ಪಾರಸಿ ಪದದಿಂದ ಬಂದವನು.

ನಮಗೆ ನೋವಿನ ಸಂಗತಿ ಇನ್ನೊಂದಿದೆ. ಸುರಬಾಯಾದಲ್ಲಿ ಬಂದೂಕು ಹಿಡಿದಿದ್ದವರಲ್ಲಿ ಬಹುಪಾಲು ಭಾರತದ ಸಿಪಾಯಿಗಳು. ಹಿಂದೂಗಳು, ಮುಸಲ್ಮಾನರು, ಸಿಖ್ಖರು. ತಮ್ಮ ದೇಶವೇ ಗುಲಾಮಗಿರಿಯಲ್ಲಿದ್ದಾಗ ಇನ್ನೊಂದು ದೇಶದ ಸ್ವಾತಂತ್ರ್ಯದ ಮೇಲೆ ಗುಂಡು ಹಾರಿಸಬೇಕಾಯಿತು. ಹಲಗಲಿಗೆ ಬಂದ ದಂಡಿನಲ್ಲಿಯೂ ಈ ನಾಡಿನ ಕುದುರೆ ಸವಾರರಿದ್ದರು. ಹೊಟ್ಟೆಪಾಡಿಗೆ ಸೇನೆ ಸೇರಿದ ಬಡವನನ್ನು ಸುಲಭವಾಗಿ ದೂರುವುದು ನ್ಯಾಯವಲ್ಲ. ಆದರೂ ಕೆಲವು ಸಿಪಾಯಿಗಳು ಇಂಡೋನೇಷ್ಯಾದವರ ಕಡೆ ಸೇರಿದರು. ಇತ್ತ ಜವಾಹರಲಾಲ್ ನೆಹರೂ ಭಾರತೀಯ ಸೈನಿಕರ ಬಳಕೆಯನ್ನು ಖಂಡಿಸಿದರು.

ಡಚ್ಚರು 1947ರ ಜುಲೈನಲ್ಲಿ ಮತ್ತು 1948ರ ಡಿಸೆಂಬರಿನಲ್ಲಿ ಮತ್ತೆ ದಂಡೆತ್ತಿದರು. ಎರಡನೆಯ ಸಲ ರಾಜಧಾನಿ ಯೋಗ್ಯಕರ್ತಾವನ್ನೇ ಹಿಡಿದು ನಾಯಕರನ್ನು ಸೆರೆಗೆ ಹಾಕಿದರು. ಈ ಬಾರಿ ಭಾರತ ಸ್ವತಂತ್ರವಾಗಿತ್ತು. 1949ರ ಜನವರಿಯಲ್ಲಿ ದಿಲ್ಲಿಯಲ್ಲಿ ಹಲವು ದೇಶಗಳ ಸಮ್ಮೇಳನ ಕರೆದು ಇಂಡೋನೇಷ್ಯಾದ ಪರ ನಿಂತಿತು. ಆ ವರ್ಷದ ಡಿಸೆಂಬರ್ 27ರಂದು ಡಚ್ಚರು ಅಧಿಕಾರ ಬಿಟ್ಟುಕೊಟ್ಟರು. ಊರು ಹಿಡಿಯುವುದು ಬೇರೆ, ಜನರ ಮನಸ್ಸು ಹಿಡಿಯುವುದು ಬೇರೆ.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ಪೊಲೀಸ್ ಇಲಾಖೆಗೆ, ಸೇನೆಗೆ, ಕಚೇರಿಗಳಿಗೆ ಹೋಗುವಿರಿ. ನಿಮ್ಮ ಕೈಗೆ ಹುಕುಂ ಬರುತ್ತದೆ. ಅದು ಯಾರ ಅನ್ನ ಕಿತ್ತುಕೊಳ್ಳುತ್ತದೆ ಎಂದು ಕೇಳಿಕೊಳ್ಳುವಷ್ಟು ವಿವೇಕವನ್ನು ವಿದ್ಯೆ ಕೊಡಬೇಕು. ರಜೆಯಲ್ಲಿ ಒಮ್ಮೆ ಹಲಗಲಿಗೆ ಹೋಗಿ ಬನ್ನಿ. ಅಲ್ಲಿನ ಹಿರಿಯರ ಮುಂದೆ ಕುಳಿತು ಕೇಳಿರಿ, ಬರೆದುಕೊಳ್ಳಿರಿ. ಬರೆದದ್ದನ್ನು ಮುಂದಿನ ಸಂಚಿಕೆಗೆ ಕಳಿಸಿರಿ.