ಕಲ್ಲು ಸರಿಸುವವರು ಯಾರು?
(ಪಾಸ್ಕಹಬ್ಬದ ಪ್ರಬೋಧನೆ)



 ಪ್ರಭು ನಿಜವಾಗಿಯೂ ಪುನರುತ್ಥಾನರಾಗಿದ್ದಾರೆ, ಅಲ್ಲೆಲೂಯ!

ಸಂತ ಮಾರ್ಕರ ಶುಭಸಂದೇಶದಲ್ಲಿ ಮೂವರು ಸ್ತ್ರೀಯರು ಬೆಳಗಿನ ಜಾವ ಸುಗಂಧದ್ರವ್ಯಗಳನ್ನು ಹಿಡಿದು ಸಮಾಧಿಯ ಕಡೆಗೆ ಹೊರಟಿದ್ದಾರೆ. ದಾರಿಯಲ್ಲಿ ಅವರಿಗೆ ಒಂದೇ ಚಿಂತೆ: ಸಮಾಧಿಯ ಬಾಯಿಗಿಟ್ಟ ದೊಡ್ಡ ಕಲ್ಲನ್ನು ಸರಿಸಿಕೊಡುವವರು ಯಾರು? ಉತ್ತರ ಅವರ ಬಳಿ ಇರಲಿಲ್ಲ. ಆದರೂ ಅವರು ಮನೆಗೆ ಹಿಂದಿರುಗಲಿಲ್ಲ. ಹೋಗಿ ನೋಡಿದರೆ ಕಲ್ಲು ಆಗಲೇ ಉರುಳಿತ್ತು. ಪುನರುತ್ಥಾನ ಸಂಪೂರ್ಣವಾಗಿ ದೇವರ ಕಾರ್ಯ. ಅದರಲ್ಲಿ ಮನುಷ್ಯರ ಕೈವಾಡ ಎಳ್ಳಷ್ಟೂ ಇಲ್ಲ.

ಶುಭಸಂದೇಶದಲ್ಲಿ ಇನ್ನೊಂದು ಕಲ್ಲಿದೆ. ಅದು ಬೆಥಾನಿಯದ ಲಾಜರನ ಸಮಾಧಿಯ ಕಲ್ಲು. ಸತ್ತು ನಾಲ್ಕು ದಿನವಾದವನನ್ನು ಒಂದು ಮಾತಿನಿಂದ ಎಬ್ಬಿಸಬಲ್ಲ ಪ್ರಭುವಿಗೆ ಆ ಕಲ್ಲನ್ನು ಸರಿಸುವುದು ಕಷ್ಟವಿತ್ತೇ? ಆದರೂ ಅವರು ಅಲ್ಲಿದ್ದ ಜನರಿಗೇ ಕಲ್ಲನ್ನು ತೆಗೆಯಲು ಹೇಳಿದರು. ಲಾಜರ ಹೊರಬಂದ ಮೇಲೆ ಕಟ್ಟು ಬಿಚ್ಚುವ ಕೆಲಸವನ್ನೂ ಅವರಿಗೇ ಒಪ್ಪಿಸಿದರು. ಜೀವ ಕೊಟ್ಟವರು ಪ್ರಭು, ಕೈ ಹಚ್ಚಿದವರು ನೆರೆಹೊರೆಯವರು. ನಮ್ಮ ಜೀವೋದ್ಧಾರದ ಗುಟ್ಟು ಈ ಎರಡು ಕಲ್ಲುಗಳಲ್ಲಿ ಅಡಗಿದೆ.

ಇದನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಕೊಪ್ಪಳದ ಹಿರೇಹಳ್ಳವನ್ನೇ ನೋಡೋಣ. ವರ್ಷಾನುಗಟ್ಟಲೆ ಹೂಳು ತುಂಬಿ, ಜಾಲಿಕಂಟಿ ಬೆಳೆದು ಆ ಹಳ್ಳ ಹಾಳಾಗಿತ್ತು. 2019ರಲ್ಲಿ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಜನರು ಕೈಜೋಡಿಸಿ ಸುಮಾರು 26 ಕಿಲೋಮೀಟರ್ ಉದ್ದದ ಹಳ್ಳವನ್ನು ಸ್ವಚ್ಛಗೊಳಿಸಿದರು. ಮಳೆಯನ್ನು ಸುರಿಸುವ ಶಕ್ತಿ ಅವರಲ್ಲಿ ಯಾರಿಗೂ ಇರಲಿಲ್ಲ. ಆದರೆ ಬಂದ ಮಳೆ ನಿಲ್ಲಲು, ಹರಿಯಲು ದಾರಿ ಮಾಡುವುದು ಅವರ ಕೈಯಲ್ಲಿತ್ತು. ದೇವರ ವರಪ್ರಸಾದವೂ ಹಾಗೆಯೇ. ಅದನ್ನು ನಾವು ದುಡಿದು ಸಂಪಾದಿಸಲಾರೆವು, ಕೊಂಡುಕೊಳ್ಳಲಾರೆವು. ಅದು ಉಚಿತವಾಗಿ ಸುರಿಯುತ್ತದೆ. ಹೂಳು ತೆಗೆಯುವ ಮನಸ್ಸನ್ನು ಕೊಡುವವರೂ ದೇವರೇ. ಆದರೆ ಸಲಿಕೆ ಹಿಡಿಯಬೇಕಾದವರು ನಾವು.

ಸಂತ ಪೌಲರು ಫಿಲಿಪ್ಪಿಯ ವಿಶ್ವಾಸಿಗಳಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಎರಡೂ ಮಾತುಗಳನ್ನು ಒಟ್ಟಿಗೇ ಹೇಳುತ್ತಾರೆ: ನಿಮ್ಮ ರಕ್ಷಣೆಗಾಗಿ ಭಯಭಕ್ತಿಯಿಂದ ಶ್ರಮಿಸಿರಿ, ಏಕೆಂದರೆ ನಿಮ್ಮೊಳಗೆ ಕಾರ್ಯ ನಡೆಸುತ್ತಿರುವವರು ದೇವರೇ. ನಮ್ಮನ್ನು ಕೇಳದೆಯೇ ಸೃಷ್ಟಿಸಿದ ದೇವರು ನಮ್ಮ ಒಪ್ಪಿಗೆಯಿಲ್ಲದೆ ನಮ್ಮನ್ನು ನೀತಿವಂತರನ್ನಾಗಿ ಮಾಡುವುದಿಲ್ಲ ಎಂಬುದು ಸಂತ ಅಗಸ್ಟೀನರ ಬೋಧನೆ. 1547ರಲ್ಲಿ ತ್ರೆಂತ್ ಮಹಾಸಭೆಯೂ ಇದನ್ನೇ ಸ್ಪಷ್ಟಪಡಿಸಿತು: ಮೊದಲ ಹೆಜ್ಜೆ ದೇವರದು, ಆ ಕರೆಗೆ ಓಗೊಡುವುದು ನಮ್ಮದು.

"ಶಿಲುಬೆಯ ಮೇಲಿದ್ದ ಕಳ್ಳ ಏನು ಮಾಡಿದ?" ಎಂದು ನೀವು ಕೇಳಬಹುದು. ಅವನ ಕೈಕಾಲು ಅಲುಗುವಂತಿರಲಿಲ್ಲ, ನಿಜ. ಆದರೆ ಅವನು ತನ್ನ ತಪ್ಪನ್ನು ಒಪ್ಪಿಕೊಂಡ, ಜೊತೆಯವನನ್ನು ಗದರಿಸಿದ, ಪ್ರಭುವಿನ ಮೊರೆಹೋದ. ಉಳಿದಿದ್ದ ನಾಲಿಗೆಯೊಂದನ್ನೇ ದೇವರಿಗೆ ಒಪ್ಪಿಸಿದ. ನಮಗಾದರೋ ಕೈಕಾಲುಗಳಿವೆ, ದಿನಗಳೂ ಇವೆ.

ಪ್ರಿಯರೇ, ನೆರೆಯ ಮುದಗಲ್ಲಿನಲ್ಲಿ 16ನೇ ಶತಮಾನದಲ್ಲೇ ಕ್ರೈಸ್ತ ವಿಶ್ವಾಸ ಬೇರೂರಿತ್ತು. ನಮ್ಮ ಸೀಮೆಗೆ ಇದು ನಿನ್ನೆ ಮೊನ್ನೆಯ ಮಾತಲ್ಲ. ಆದರೆ ವಿಶ್ವಾಸವು ಹೊಲದ ಹಾಗೆ ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಪಹಣಿಯಲ್ಲಿ ಬದಲಾಗುವುದಿಲ್ಲ. ನಾವು ಕೂಸಾಗಿದ್ದಾಗ ನಮ್ಮ ಪರವಾಗಿ ಜ್ಞಾನತಂದೆ, ಜ್ಞಾನತಾಯಿ ಉತ್ತರ ಕೊಟ್ಟರು. ಪಾಸ್ಕ ಜಾಗರಣೆಯಲ್ಲಿ ಮಾತ್ರ ಉರಿಯುವ ಮೇಣದಬತ್ತಿ ಹಿಡಿದು, ಸೈತಾನನನ್ನು ತ್ಯಜಿಸುತ್ತೇವೆ, ದೇವರನ್ನು ವಿಶ್ವಾಸಿಸುತ್ತೇವೆ ಎಂದು ನಾವೇ ಹೇಳುತ್ತೇವೆ. ನಮ್ಮ ಪರವಾಗಿ ಗುರುಗಳು ಹೇಳಲಾರರು, ಹೆತ್ತವ್ವನೂ ಹೇಳಲಾರಳು.

ಹೇಳಿದ ಮಾತು ಮನೆಯಲ್ಲಿ ಏನಾಗುತ್ತದೆ? ಬದುವಿನ ಜಗಳಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟು ವರ್ಷವಾಯಿತು? ಜಾತಿ ನೋಡಿ ಬೇರೆ ಲೋಟ ಕೊಡುವ ಪದ್ಧತಿಯನ್ನು ಕಂಡೂ ನಾವು ಸುಮ್ಮನಿದ್ದೇವೆಯೇ? ಮಳೆ ಕೈಕೊಟ್ಟಾಗ ಕುಷ್ಟಗಿ, ಯಲಬುರ್ಗಾದ ಕಡೆಯಿಂದ ಬೆಂಗಳೂರು, ಮಂಗಳೂರು, ಗೋವಾ ಎಂದು ಗುಳೆ ಹೋಗುವವರಿದ್ದಾರೆ. ಊರಲ್ಲಿ ಅಜ್ಜಿಯ ಹತ್ತಿರ ಉಳಿದ ಮಕ್ಕಳನ್ನು ಸಂಜೆ ಪ್ರಾರ್ಥನೆಗೆ ಕೂರಿಸುವವರು ಯಾರು? ಅಕ್ಕಪಕ್ಕದ ಮನೆಯವರಾದ ನಾವಲ್ಲವೇ? ಗುಳೆ ಹೋದವರೂ ಭಾನುವಾರ ಅಲ್ಲಿನ ದೇವಾಲಯವನ್ನು ಹುಡುಕಿಕೊಳ್ಳಬೇಕಲ್ಲವೇ? ಗಂಗಾವತಿಯ ರೈತರಿಗೆ ಇದು ಗೊತ್ತು: ಎಡದಂಡೆ ಕಾಲುವೆ ತುಂಬಿ ಹರಿದರೂ ನಮ್ಮ ಹೊಲಗಾಲುವೆಯ ಬಾಯಿ ಮುಚ್ಚಿದ್ದರೆ ಗದ್ದೆ ಒಣಗುತ್ತದೆ. ತಪ್ಪು ನೀರಿನದಲ್ಲ.

ಜಕ್ಕಾಯ ಪ್ರಭುವನ್ನು ಮನೆಗೆ ಬರಮಾಡಿಕೊಂಡ ಮೇಲೆ ಸುಮ್ಮನೆ ಕೂರಲಿಲ್ಲ. ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದ, ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಆ ಮನೆಗೆ ಅಂದೇ ರಕ್ಷಣೆ ಬಂದಿತೆಂದು ಪ್ರಭು ಸಾರಿದರು.

ಆದ್ದರಿಂದ ಈ ಹಬ್ಬದ ಎಂಟು ದಿನಗಳೊಳಗೆ ನಾವು ಪ್ರತಿಯೊಬ್ಬರೂ ಒಂದು ಕಲ್ಲನ್ನಾದರೂ ಸರಿಸೋಣ. ಮಾತು ಬಿಟ್ಟ ಅಣ್ಣನ ಮನೆಗೆ ಹಬ್ಬದ ಸಿಹಿ ತೆಗೆದುಕೊಂಡು ಹೋಗೋಣ. ಮುಂದೂಡುತ್ತಾ ಬಂದ ಪಾಪನಿವೇದನೆಯನ್ನು ಮಾಡೋಣ. ಕೊಡಬೇಕಾದ ಕೂಲಿಯನ್ನು ಕೊಟ್ಟುಬಿಡೋಣ. ಕಲ್ಲು ಭಾರವೆನಿಸಿದರೆ ಆ ಮೂವರು ಸ್ತ್ರೀಯರಂತೆ ಹೊರಟಾದರೂ ಬಿಡೋಣ. ನಮ್ಮಿಂದಾಗದ್ದನ್ನು ಪ್ರಭು ನೋಡಿಕೊಳ್ಳುತ್ತಾರೆ. ಪುನರುತ್ಥಾನಿ ಕ್ರಿಸ್ತರು ನಮ್ಮೆಲ್ಲರ ಮನೆ, ಹೊಲ, ದುಡಿಮೆಗಳನ್ನು ಆಶೀರ್ವದಿಸಲಿ. ಆಮೆನ್.