ಎನ್‌ಎಂಆರ್ ಸರಣಿ: ಹದಿನಾರು ಸ್ಪೆಕ್ಟ್ರಮ್, ಒಂದೇ ಪ್ರಯೋಗ

ದೆಹಲಿಯ ಪೀತಮ್‌ಪುರದಿಂದ ಮಾತಾಡ್ತಿದೀನಿ, ಹಿಂದೆ ಕೂಲರ್ ಸದ್ದು ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ. ಒಂದೇ ಸ್ಯಾಂಪಲ್‌ನಿಂದ ಸಾಲಾಗಿ ತೆಗೆದ ಎನ್‌ಎಂಆರ್ ಸ್ಪೆಕ್ಟ್ರಮ್‌ಗಳನ್ನು ಸಾಫ್ಟ್‌ವೇರ್‌ನಲ್ಲಿ ಹೇಗೆ ಜೋಡಿಸಿಟ್ಕೋಬೇಕು, ಹೇಗೆ ಅಳೀಬೇಕು ಅನ್ನೋದು ಇವತ್ತಿನ ವಿಷಯ.

ಮೊದಲು ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಎನ್‌ಎಂಆರ್ ಸಂಕೇತವನ್ನು ಅಳೆದರು. ನಿಂತ ದ್ರವದಲ್ಲಿ ನ್ಯೂಕ್ಲಿಯಸ್‌ಗಳು ರೇಡಿಯೋ ತರಂಗ ಹೀರಿ ಹೀರಿ ಸ್ಯಾಚುರೇಟ್ ಆಗ್ತವೆ, ಸಂಕೇತ ಕುಗ್ಗುತ್ತೆ. ದ್ರವ ಹರಿದರೆ ಕಾಯಿಲ್ ಒಳಗೆ ಹೊಸ ನ್ಯೂಕ್ಲಿಯಸ್‌ಗಳು ಬರ್ತಾನೇ ಇರ್ತವೆ, ಸಂಕೇತ ಏರುತ್ತೆ. ಒಂದೇ ಅಳತೆ ನೋಡಿದ್ರೆ ಇದು ತಿಳಿಯಲ್ಲ, ನಿಂತದ್ದರ ಪಕ್ಕ ಹರಿಯೋದನ್ನ ಇಟ್ಟಾಗ ಮಾತ್ರ ತಿಳಿಯುತ್ತೆ. ಉಳಿದದ್ದೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸೋದು. ಸರಣಿ ಅಂದ್ರೆ ಇಷ್ಟೇ.

ಆ ಬದಲಾಗುವ ಒಂದು ಸಂಗತಿ ಎಲ್ಲಿ ಬರೆದಿದೆ ಅನ್ನೋದೇ ತಲೆನೋವು. ಬ್ರೂಕರ್ ಯಂತ್ರ ಕೊಡೋದು 1, 2, 3 ಅಂತ ಹೆಸರಿರೋ ಫೋಲ್ಡರ್‌ಗಳು. ನಾಲ್ಕನೇದಕ್ಕೆ ಎಷ್ಟು ಮೈಕ್ರೋಲೀಟರ್ ಹಾಕಿದ್ರು ಅನ್ನೋದು ಯಾರದೋ ನೋಟ್‌ಬುಕ್‌ನಲ್ಲಿರುತ್ತೆ. ಅವರು ಪಿಎಚ್‌ಡಿ ಮುಗಿಸಿ ಹೊರಟರೆ ಅದೂ ಜೊತೆಗೇ ಹೊರಟಿತು, ಆಮೇಲೆ ಉಳಿಯೋದು ಬರೀ ಗೆರೆಗಳು. ಅದಕ್ಕೇ ಡೇಟಾ ಪಕ್ಕದಲ್ಲೇ ಒಂದು ಟೇಬಲ್ ಇಡಿ: ಫೋಲ್ಡರ್ ಸಂಖ್ಯೆ, ಬದಲಿಸಿದ ಮೌಲ್ಯ, ಅದರ ಯೂನಿಟ್. ಸಮಯವನ್ನು ಮಾತ್ರ ಕೈಯಲ್ಲಿ ಬರೀಬೇಡಿ, ಪ್ಯಾರಾಮೀಟರ್ ಫೈಲ್‌ನಲ್ಲಿ 1970ರಿಂದ ಎಣಿಸಿದ ಸೆಕೆಂಡುಗಳಾಗಿ ಅದು ಇದ್ದೇ ಇರುತ್ತೆ.

ಈಗ ವಿಶ್ಲೇಷಣೆ. ಟಿ1 ಅಳೆಯೋ ಇನ್ವರ್ಷನ್ ರಿಕವರಿ ತಗೊಳ್ಳಿ. 180 ಡಿಗ್ರಿ ಪಲ್ಸ್ ಕೊಟ್ಟು ಮ್ಯಾಗ್ನೆಟೈಸೇಶನ್ ತಲೆಕೆಳಗು ಮಾಡ್ತೀವಿ, ಸ್ವಲ್ಪ ಕಾದು ನೋಡ್ತೀವಿ. ಕಡಿಮೆ ಕಾದರೆ ಪೀಕ್ ಕೆಳಮುಖ, ಟಿ1ರ ಸುಮಾರು 0.69 ಪಟ್ಟು ಕಾದಾಗ ಸೊನ್ನೆ, ಆಮೇಲೆ ಮೇಲ್ಮುಖ. ಇಲ್ಲಿ ಪ್ರತಿ ಸ್ಪೆಕ್ಟ್ರಮ್‌ಗೂ ಬೇರೆ ಬೇರೆ ಆಟೋ ಫೇಸ್ ಒತ್ತಿದ್ರೆ ಏನಾಗುತ್ತೆ? ಪೀಕ್ ಅಂದ್ರೆ ಮೇಲೇ ಇರಬೇಕು ಅಂತ ಸಾಫ್ಟ್‌ವೇರ್ ಕೆಳಗಿದ್ದದ್ದನ್ನೂ ಎತ್ತಿ ನಿಲ್ಲಿಸಬಹುದು. -0.8, -0.3, 0.2 ಇದ್ದದ್ದು 0.8, 0.3, 0.2 ಆಗುತ್ತೆ. ಏರಬೇಕಾದ ಸಾಲು ಇಳಿಯೋ ಹಾಗೆ ಕಾಣುತ್ತೆ. ಫಿಟ್ ಮಾಡಿದ್ರೆ ಒಂದು ಟಿ1 ಬರುತ್ತೆ, ದಶಮಾಂಶ ಬಿಂದುವಿನ ಸಮೇತ! ಅದು ಸುಳ್ಳು ಸಂಖ್ಯೆ. ಅತಿ ಹೆಚ್ಚು ಕಾದ ಸ್ಪೆಕ್ಟ್ರಮ್‌ನಲ್ಲಿ ಫೇಸ್ ಸರಿಮಾಡಿ, ಅದೇ ಮೌಲ್ಯವನ್ನು ಉಳಿದ ಎಲ್ಲಕ್ಕೂ ಹಾಕಿ.

ಆಟೋ ಸ್ಕೇಲ್ ಕೂಡ ಇದೇ ಜಾತಿ. ವರ್ಷ ವರ್ಷ ತೆಗೆದ ಮಗುವಿನ ಫೋಟೋಗಳನ್ನೆಲ್ಲ ಒಂದೇ ಎತ್ತರಕ್ಕೆ ಹಿಗ್ಗಿಸಿದ್ರೆ ಮಗು ಬೆಳೆದದ್ದು ಕಾಣುತ್ತಾ?

ನನ್ನಂಥ ಕೋಡ್ ಬರೆಯೋರಿಗೆ ಇನ್ನೊಂದು ಗುಂಡಿ ಇದೆ. ಪ್ರೋಸೆಸ್ ಆದ ಸ್ಪೆಕ್ಟ್ರಮ್ ಅನ್ನು ಬ್ರೂಕರ್ ಪೂರ್ಣಾಂಕಗಳಾಗಿ ಉಳಿಸುತ್ತೆ, ನಿಜವಾದ ಎತ್ತರ ಬೇಕಿದ್ರೆ ಅದನ್ನು 2ರ ಒಂದು ಘಾತದಿಂದ ಗುಣಿಸಬೇಕು. ಆ ಘಾತದ ಹೆಸರು ಎನ್‌ಸಿ-ಪ್ರಾಕ್. ಸ್ಪೆಕ್ಟ್ರಮ್‌ನಿಂದ ಸ್ಪೆಕ್ಟ್ರಮ್‌ಗೆ ಅದು ಬದಲಾಗಬಹುದು. ಮರೆತರೆ ಚೆನ್ನಾಗಿ ಏರ್ತಿದ್ದ ಪೀಕ್ ಏಳನೇ ಬಿಂದುವಿನಲ್ಲಿ ದಿಢೀರನೆ ಅರ್ಧ ಆಗುತ್ತೆ, ನೋಡಿದವರು ರಿಯಾಕ್ಷನ್ ಕೆಟ್ಟಿತು ಅಂದ್ಕೊಂಡು ಸ್ಯಾಂಪಲ್ ಎಸೀತಾರೆ. ಪೈಥಾನ್‌ನ ಎನ್‌ಎಂಆರ್‌ಗ್ಲೂ ಬಳಸೋರು ಓದುವಾಗ ಈ ಗುಣಕ ಸೇರಿದೆಯೋ ಇಲ್ಲವೋ ನೋಡ್ಕೊಳ್ಳಿ. ರಿಸೀವರ್ ಗೇನ್, ಸ್ಕ್ಯಾನ್ ಸಂಖ್ಯೆ ಎರಡೂ ಸರಣಿಯುದ್ದಕ್ಕೂ ಒಂದೇ ಇರಲಿ.

ಇಂಟಿಗ್ರಲ್ ಗಡಿಗಳನ್ನೂ ಒಂದೇ ಸಲ ಹಾಕಿ. ಟೈಟ್ರೇಶನ್‌ನಲ್ಲಿ ಮಾತ್ರ ಇದು ನಡೆಯಲ್ಲ, ಅಲ್ಲಿ ಪೀಕ್ ಜಾಗ ಬದಲಿಸೋದೇ ನಮಗೆ ಬೇಕಾದ ಉತ್ತರ. ಗಡಿ ಕಟ್ಟದೆ ಅದರ ಹಿಂದೆ ಹೋಗಿ, ಪ್ರತಿ ಹಂತದಲ್ಲಿ ಪಿಪಿಎಂ ಬರ್ಕೊಳ್ಳಿ. ಎರಡು ಪೀಕ್ ಒಂದನ್ನೊಂದು ದಾಟೋ ಜಾಗದಲ್ಲಿ ಸಾಫ್ಟ್‌ವೇರ್ ಹೆಸರು ಅದಲುಬದಲು ಮಾಡಿರುತ್ತೆ, ಅಲ್ಲಿ ಸ್ಟ್ಯಾಕ್ ಪ್ಲಾಟ್ ತೆಗೆದು ಕಣ್ಣಲ್ಲೇ ನೋಡಿ.