ಡಿಎಪಿ ಮೂಟೆಯೊಳಗೆ ಏನಿದೆ?

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳು)



ಸಂಘ ನಡೆದುಬಂದ ದಾರಿಯನ್ನು ಕಾರ್ಯದರ್ಶಿಗಳು ಆಗಲೇ ವಿವರವಾಗಿ ಹೇಳಿದ್ದಾರೆ. ನಮಗೆ ಗೊಬ್ಬರದ ಬಗ್ಗೆ ನಾಲ್ಕು ಮಾತಾಡಿ ಅಂದಿದ್ದಾರೆ. ಮುಂಗಾರು ಬಂತು ಅಂದ್ರೆ ಗೋದಾಮಿನ ಮುಂದೆ ಒಂದೇ ಕೂಗು, ಡಿಎಪಿ, ಡಿಎಪಿ. ಅದು ಎಲ್ಲಿಂದ ಬಂತು, ಗುಣ ಏನು ಅಂತ ಕೇಳುವವರು ಕಡಿಮೆ.

ಡಿಎಪಿ ಹುಟ್ಟುವುದು ಕಲ್ಲಿನಿಂದ. ರಂಜಕ ಇರುವ ಈ ಕಲ್ಲು ರಾಜಸ್ಥಾನದ ಉದಯಪುರದ ಹತ್ತಿರ ಸಿಗುತ್ತದೆ, ಆದರೆ ದೇಶಕ್ಕೆ ಸಾಲದು. ಮೊರಾಕೊ, ಜೋರ್ಡಾನ್ ಕಡೆಯಿಂದ ಹಡಗಿನಲ್ಲಿ ಬರಬೇಕು. ಕಲ್ಲನ್ನು ಪುಡಿ ಮಾಡಿ ಗಂಧಕಾಮ್ಲ ಬೆರೆಸಿದರೆ ರಂಜಕದ ಆಮ್ಲ ಬೇರೆಯಾಗುತ್ತದೆ, ಜಿಪ್ಸಂ ಉಳಿಯುತ್ತದೆ. ಆ ಆಮ್ಲಕ್ಕೆ ಅಮೋನಿಯಾ ಸೇರಿಸಿದರೆ ಕುದಿಯುವ ಗಂಜಿಯಂತಾಗುತ್ತದೆ. ಅದನ್ನು ತಿರುಗುವ ಪೀಪಾಯಿಯಲ್ಲಿ ಕಾಳು ಕಟ್ಟಿಸಿ, ಒಣಗಿಸಿ, ಜರಡಿ ಹಿಡಿಯುತ್ತಾರೆ. ನಮ್ಮ ಮಂಗಳೂರಿನ ಪಣಂಬೂರಿನಲ್ಲೂ ಡಿಎಪಿ ಮಾಡುವ ಕಾರ್ಖಾನೆ ಇದೆ. 50 ಕೆಜಿ ಮೂಟೆಯಲ್ಲಿ ಸಾರಜನಕ 9 ಕೆಜಿ, ರಂಜಕ 23 ಕೆಜಿ. ಮೂಟೆ ಮೇಲೆ 18-46 ಅಂತ ಬರೆದಿರೋದು ಇದೇ ಲೆಕ್ಕ. ಪೊಟ್ಯಾಷ್ ಸೊನ್ನೆ.

ಸಾರಜನಕ ನೀರಿನ ಜೊತೆ ಓಡಾಡುತ್ತದೆ. ರಂಜಕ ಹಾಗಲ್ಲ, ಬಿದ್ದ ಜಾಗ ಬಿಟ್ಟು ಕದಲುವುದಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಅದನ್ನು ಹಿಡಿದುಕೊಳ್ಳುತ್ತದೆ, ಎರೆ ಭೂಮಿಯಾದರೆ ಸುಣ್ಣದ ಅಂಶ. ಹಾಕಿದ ವರ್ಷ ಐದರಲ್ಲಿ ಒಂದು ಪಾಲು ಪೈರಿಗೆ ಸಿಕ್ಕರೆ ಹೆಚ್ಚು. ಹೀಗಿರುವಾಗ ರಾಗಿ ಮೊಣಕಾಲುದ್ದ ಬಂದ ಮೇಲೆ ಡಿಎಪಿ ಎರಚೋದು ಯಾತಕ್ಕೆ? ಪೈರು ಹಸಿರಾಗೋದು ಆ 9 ಕೆಜಿ ಸಾರಜನಕದಿಂದ. ಅಷ್ಟು ಸಾರಜನಕ 20 ಕೆಜಿ ಯೂರಿಯಾದಲ್ಲೇ ಇದೆ. ಡಿಎಪಿ ಮೂಟೆಗೆ 1350 ರೂಪಾಯಿ, ಆ ಯೂರಿಯಾಕ್ಕೆ ನೂರಿಪ್ಪತ್ತರ ಆಸುಪಾಸು. ಲೆಕ್ಕ ನೀವೇ ಹಾಕಿ. ಡಿಎಪಿ ಬಿತ್ತನೆ ದಿನವೇ ಸಾಲಿನಲ್ಲಿ ಬೀಳಬೇಕು, ಬೀಜದಿಂದ ಒಂದೆರಡು ಅಂಗುಲ ಪಕ್ಕಕ್ಕೆ, ಸ್ವಲ್ಪ ಕೆಳಕ್ಕೆ. ಬೀಜಕ್ಕೇ ತಗುಲಿದರೆ ಅಮೋನಿಯಾ ಮೊಳಕೆ ಸುಡುತ್ತದೆ.

ಸಂತೆಯಲ್ಲಿ ರಸೀದಿ ಇಲ್ಲದೆ ಅಗ್ಗಕ್ಕೆ ತರೋರೂ ಇದ್ದಾರೆ. ನಾಲ್ಕು ಕಾಳು ಅಂಗೈಲಿಟ್ಟು ಎಲೆಯಡಿಕೆ ಸುಣ್ಣ ಹಾಕಿ ಹೊಗೆಸೊಪ್ಪಿನ ಹಾಗೆ ತಿಕ್ಕಿ ನೋಡಿ. ಮೂಗಿಗೆ ಘಾಟು ಹೊಡೆಯಬೇಕು. ಸುಣ್ಣ ಅಮೋನಿಯಾವನ್ನು ಹೊರಗೆ ತಳ್ಳುತ್ತದೆ. ಘಾಟು ಬರದಿದ್ದರೆ ಅದು ಡಿಎಪಿ ಅಲ್ಲವೇ ಅಲ್ಲ. ಬಂದರೂ ರಂಜಕ ಎಷ್ಟಿದೆ ಅಂತ ಮೂಗು ಹೇಳಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಇದೇ ಕಾರಣಕ್ಕೆ ಡಿಎಪಿಯನ್ನು ಸುಣ್ಣದ ಜೊತೆ, ಒಲೆ ಬೂದಿ ಜೊತೆ ಬೆರೆಸಬಾರದು. ಸತುವಿನ ಸಲ್ಫೇಟನ್ನೂ ಬೇರೆಯಾಗಿಯೇ ಹಾಕಬೇಕು, ರಂಜಕದ ಜೊತೆ ಕಟ್ಟಿಕೊಂಡರೆ ಎರಡೂ ಪೈರಿಗೆ ದಕ್ಕುವುದಿಲ್ಲ.

ಇನ್ನು ಕಡಲೆಕಾಯಿ ಬೆಳೆಯುವವರಿಗೆ ಒಂದು ಮಾತು. ಸೂಪರ್ ಫಾಸ್ಫೇಟ್‌ನಲ್ಲಿ ರಂಜಕ ಶೇಕಡಾ 16 ಮಾತ್ರ, ನಿಜ. ಆದರೆ ಕಾಯಿ ಗಟ್ಟಿಯಾಗಲು ಬೇಕಾದ ಸುಣ್ಣದ ಅಂಶ, ಗಂಧಕ ಅದರಲ್ಲಿವೆ, ಡಿಎಪಿಯಲ್ಲಿಲ್ಲ. ಬಿಕರಿಯಾಗದೆ ಉಳೀತದೆ ಅಂತ ಗೋದಾಮಿಗೆ ತರಿಸಲು ನಿರ್ದೇಶಕರಲ್ಲೇ ಹಿಂಜರಿಕೆ ಇದೆ. ಯಾರಿಗೆ ಎಷ್ಟು ಮೂಟೆ ಬೇಕು ಅಂತ ಬಿತ್ತನೆಗೆ ತಿಂಗಳು ಮುಂಚೆ ಕಾರ್ಯದರ್ಶಿಗಳ ಹತ್ತಿರ ಬರೆಸಿದರೆ, ತರಿಸಿ ಕೊಡುವ ಜವಾಬ್ದಾರಿ ನಮ್ಮದು.